ತೂಕದ ಕಂಪ್ಯೂಟರ್‌ಗೊಂದು ಜೋಡಿ: ದಿನಾ ರಾತ್ರಿ ಬ್ಯಾಕಪ್‌ನಿಂದ ವರ್ಚುವಲ್ ಡಿಸ್ಕ್

ಚಿಕ್ಕಮಗಳೂರಿನಿಂದ ಆಲ್ದೂರು ಕಡೆಗೆ ಹೋಗುವ ರಸ್ತೆಯಲ್ಲಿ ಒಬ್ಬ ಕಾಫಿ ವ್ಯಾಪಾರಿಯ ಗೋಡೌನ್ ಇದೆ. ಸುತ್ತಲಿನ ಸಣ್ಣ ಬೆಳೆಗಾರರು ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು), ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜ), ಕಾಳುಮೆಣಸು ತಂದು ಹಾಕುವ ಜಾಗ. ಗೇಟಿನ ಪಕ್ಕ ವೇಬ್ರಿಡ್ಜ್, ಅಂದರೆ ಗಾಡಿಯನ್ನೇ ನಿಲ್ಲಿಸಿ ತೂಗುವ ತಕ್ಕಡಿ. ಅದರ ಪಕ್ಕ ಪುಟ್ಟ ಕ್ಯಾಬಿನ್. ಕ್ಯಾಬಿನ್ ಒಳಗೆ ತೂಕ ದಾಖಲಿಸಿ ಚೀಟಿ ಕೊಡುವ ಒಂದು ಹಳೇ ಕಂಪ್ಯೂಟರ್. ಅದು ನಿಂತರೆ ಗೇಟೇ ನಿಂತ ಹಾಗೆ. ನಾನು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಕ್ಯಾಬಿನ್‌ನ ಆ ಕಂಪ್ಯೂಟರ್, ಆಫೀಸಿನ ಇನ್ನೊಂದು, ಎರಡನ್ನೂ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ.

ಡಿಸೆಂಬರ್

ರೊಬಸ್ಟಾ ಕೊಯ್ಲು ಶುರುವಾಗಿ ಲೋಡು ಒಂದರ ಹಿಂದೆ ಒಂದು ಬರುವ ಹೊತ್ತಿಗೆ ಆ ಹಳೇ ಕಂಪ್ಯೂಟರ್‌ನ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನತೊಡಗಿತು. ಗೋಡೌನಿನ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿ, "ಬ್ಯಾಕಪ್ ಹೆಂಗೂ ಇದೆಯಲ್ಲ, ಹಾಕಿಕೊಡಿ ಮಾರಾಯ್ರೆ" ಅಂದರು.

ಬ್ಯಾಕಪ್ ಇತ್ತು, ನಿಜ. ದಿನಾ ಸಂಜೆ ಡೇಟಾ ಫೋಲ್ಡರ್ ಒಂದು ಪೆನ್ ಡ್ರೈವ್‌ಗೆ ಕಾಪಿ ಆಗುತ್ತಿತ್ತು. ಆದರೆ ಆ ಡೇಟಾ ಓದುವ ತೂಕದ ಸಾಫ್ಟ್‌ವೇರ್ ಮತ್ತೆ ಹಾಕಲು ಸಿಡಿ ಇರಲಿಲ್ಲ. ಬರೆದುಕೊಟ್ಟವರು ಆ ಕಸುಬು ಬಿಟ್ಟು ವರ್ಷಗಳಾಗಿವೆ. ವಿಂಡೋಸ್ 7, ತಕ್ಕಡಿಯ ತಂತಿ ಸೇರುವ ಕಾಮ್1 ಪೋರ್ಟ್, ಅದರಲ್ಲಿ ಅಂಕಿ ಬರುವ ವೇಗ 2400 ಬಾಡ್, ಎಲ್ಲಿ ಯಾವ ಸೆಟ್ಟಿಂಗ್ ಇತ್ತೋ ಯಾರಿಗೂ ನೆನಪಿಲ್ಲ. ಫೈಲುಗಳು ಕೈಯಲ್ಲಿದ್ದವು, ಅವುಗಳನ್ನು ತೆರೆಯುವ ಯಂತ್ರ ಇರಲಿಲ್ಲ.

ಆ ಸಲ ಕೆಡುತ್ತಿರುವ ಡಿಸ್ಕಿನಿಂದ ಡೇಟಾ ಎತ್ತುವ ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಂ ಕಾಪಾಡಿತು. ಅದು ಮೊದಲು ಡಿಸ್ಕಿನ ಚೆನ್ನಾಗಿರುವ ಭಾಗವನ್ನೆಲ್ಲ ಓದಿಕೊಳ್ಳುತ್ತದೆ, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತದೆ. ಎಲ್ಲಿಯವರೆಗೆ ಆಯಿತು ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಹಾಗಾಗಿ ನಡುವೆ ಕರೆಂಟ್ ಹೋದರೂ ಮೊದಲಿಂದ ಶುರು ಮಾಡಬೇಕಿಲ್ಲ. 160 ಜಿಬಿಯ ಆ ಡಿಸ್ಕನ್ನು ಹೊಸ ಎಸ್‌ಎಸ್‌ಡಿಗೆ ಇಳಿಸಲು ಎರಡು ದಿನ ಹಿಡಿಯಿತು. ಆ ಎರಡು ದಿನ ಕ್ಯಾಬಿನ್ ಹುಡುಗ ಡಿಸ್‌ಪ್ಲೇ ನೋಡಿ ಕೈಯಲ್ಲೇ ಚೀಟಿ ಬರೆದ. ಚೆರ್ರಿಗೆ ದುಡ್ಡು ಕೊಡುವುದು 50 ಕೆಜಿ ಚೀಲದ ಲೆಕ್ಕದಲ್ಲಿ, ಅದರ ಓಟಿ ನೋಡಿ. ಅಂದರೆ ಸಿಪ್ಪೆ ಹೋಗಿ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವುದರ ಮೇಲೆ. ಒಂದು ಚೀಟಿ ತಪ್ಪಿದರೆ ಒಬ್ಬ ಬೆಳೆಗಾರನ ವರ್ಷದ ದುಡಿಮೆಯ ಲೆಕ್ಕ ತಪ್ಪುತ್ತದೆ. ಆ ಹುಡುಗ ಪ್ರತಿ ಚೀಟಿಯನ್ನೂ ಎರಡೆರಡು ಸಲ ಓದಿ ಹೇಳುತ್ತಿದ್ದ. ನನಗೆ ಡಿಸ್ಕಿಗಿಂತ ಅದೇ ಜಾಸ್ತಿ ನೆನಪಿದೆ.

ಎಲ್ಲ ಸರಿಹೋದ ಮೇಲೆ ಸಾಹುಕಾರರು ಒಂದೇ ಮಾತು ಕೇಳಿದರು: "ಇನ್ನೊಂದ್ಸಲ ಹಿಂಗಾದ್ರೆ ಎಷ್ಟು ಹೊತ್ತಿಗೆ ಗೇಟು ತೆಗೀಬಹುದು?" ಒಂದು ಗಂಟೆ ಅಂದೆ. ಹೇಳಿದ ಮೇಲೆ ಮಾಡಬೇಕಲ್ವಾ.

ಪೆಟ್ಟಿಗೆ

ಯೋಚನೆ ಸರಳ. ಬರೀ ಫೈಲುಗಳಲ್ಲ, ಇಡೀ ಕಂಪ್ಯೂಟರ್‌ನ ಪಡಿಯಚ್ಚು ದಿನಾ ಸಿಗಬೇಕು. ಅದು ಇನ್ನೊಂದು ಕಂಪ್ಯೂಟರ್ ಒಳಗೆ ವರ್ಚುವಲ್ ಮೆಷಿನ್ (ಸಾಫ್ಟ್‌ವೇರ್‌ನಲ್ಲೇ ಓಡುವ ಕಂಪ್ಯೂಟರ್) ಆಗಿ ಎದ್ದು ಕೂರಬೇಕು. ಎದ್ದಿತೋ ಇಲ್ಲವೋ ಅನ್ನುವುದು ಅದೇ ರಾತ್ರಿ ಗೊತ್ತಾಗಬೇಕು.

ಅಂಗಡಿಯಲ್ಲಿದ್ದ ನಾಲ್ಕನೇ ತಲೆಮಾರಿನ ಐ5 ಕಂಪ್ಯೂಟರ್ ಒಂದನ್ನು ಇದಕ್ಕೆ ಇಟ್ಟೆ. 16 ಜಿಬಿ ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ, 2 ಟಿಬಿ ಹಾರ್ಡ್ ಡಿಸ್ಕ್. ಬಯೋಸ್‌ನಲ್ಲಿ ವರ್ಚುವಲೈಸೇಶನ್ ಆನ್ ಮಾಡಿ ಡೆಬಿಯನ್ 12 ಅನ್ನುವ ಲಿನಕ್ಸ್ ಹಾಕಿದೆ, ಮೇಲೆ ವರ್ಚುವಲ್ ಮೆಷಿನ್ ಓಡಿಸುವ ಕೆವಿಎಂ. ಮುಂದೆ ಪೆಟ್ಟಿಗೆ ಅನ್ನುವುದು ಇದನ್ನೇ.

ಪಡಿಯಚ್ಚು ತೆಗೆಯಲು ಡಿಸ್ಕ್2ವಿಎಚ್‌ಡಿ ಆರಿಸಿಕೊಂಡೆ. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಟೂಲ್‌ಗಳಲ್ಲಿ ಅದೂ ಒಂದು, ದುಡ್ಡು ಕೊಡಬೇಕಿಲ್ಲ. ವಿಂಡೋಸ್ ಓಡುತ್ತಿರುವಾಗಲೇ ಶ್ಯಾಡೋ ಕಾಪಿ (ಆ ಕ್ಷಣದ ಡಿಸ್ಕಿನ ಸ್ಥಿರ ಚಿತ್ರ) ತೆಗೆದು, ಡಿಸ್ಕಿನಲ್ಲಿ ತುಂಬಿರುವ ಭಾಗವನ್ನಷ್ಟೇ ಒಂದು ವಿಎಚ್‌ಡಿಎಕ್ಸ್ ಫೈಲಾಗಿ, ಅಂದರೆ ಇಡೀ ಡಿಸ್ಕ್ ಅಡಗಿರುವ ಒಂದೇ ಫೈಲಾಗಿ, ಬರೆಯುತ್ತದೆ. ತೂಕದ ಕಂಪ್ಯೂಟರ್‌ದು 42 ಜಿಬಿ, ಆಫೀಸಿನದು 118 ಜಿಬಿ. ವಿಂಡೋಸ್‌ನಲ್ಲೇ ಇರುವ ಸಿಸ್ಟಂ ಇಮೇಜ್ ಬ್ಯಾಕಪ್ ಸಾಲದಾ ಅಂತ ಕೇಳಬಹುದು. ಅದು ಒಂದೊಂದು ಪಾರ್ಟಿಶನ್‌ಗೆ ಒಂದೊಂದು ಬೇರೆ ಫೈಲ್ ಮಾಡುತ್ತದೆ, ಇಡೀ ಡಿಸ್ಕಾಗಿ ಬೂಟ್ ಆಗುವುದಿಲ್ಲ. ನೆಟ್‌ವರ್ಕ್ ಫೋಲ್ಡರ್‌ಗೆ ಬರೆದರೆ ಕೊನೆಯ ಒಂದು ಪ್ರತಿ ಮಾತ್ರ ಉಳಿಯುತ್ತದೆ. ಒಂದು ಎಚ್ಚರಿಕೆ: ಡಿಸ್ಕ್2ವಿಎಚ್‌ಡಿ ಮಾಡಿದ ಫೈಲನ್ನು ಅದೇ ಕಂಪ್ಯೂಟರ್‌ಗೆ ಡ್ರೈವ್ ಆಗಿ ಜೋಡಿಸಬೇಡಿ. ಎರಡು ಡಿಸ್ಕಿಗೂ ಗುರುತಿನ ಸಂಖ್ಯೆ ಒಂದೇ ಇರುವುದರಿಂದ ವಿಂಡೋಸ್ ಹೊಸದರ ಸಂಖ್ಯೆ ಬದಲಿಸುತ್ತದೆ. ಆಮೇಲೆ ಆ ಪ್ರತಿ ಬೂಟ್ ಆಗುವುದಿಲ್ಲ.

ಹೀಗೆ ಬಂದ ವಿಎಚ್‌ಡಿಎಕ್ಸನ್ನು ಡೆಬಿಯನ್ ಪೆಟ್ಟಿಗೆ ಕ್ಯೂಎಮು (ಕೆವಿಎಂ ಜೊತೆ ವರ್ಚುವಲ್ ಮೆಷಿನ್ ಓಡಿಸುವ ಪ್ರೋಗ್ರಾಂ) ಜೊತೆ ಬರುವ ಇಮೇಜ್ ಟೂಲ್‌ನಿಂದ ಅದರದೇ ಮಾದರಿಯ ಕ್ಯೂಕೌ2 ವರ್ಚುವಲ್ ಡಿಸ್ಕಾಗಿ ಬದಲಿಸುತ್ತದೆ. ಕ್ಯೂಎಮು ವಿಎಚ್‌ಡಿಎಕ್ಸನ್ನು ನೇರವಾಗಿಯೂ ಓದಬಲ್ಲದು, ಮತ್ಯಾಕೆ ಬದಲಿಸಬೇಕು? ನನ್ನ ಮಟ್ಟಿಗೆ ದೊಡ್ಡ ಕಾರಣ ರಾನ್ಸಮ್‌ವೇರ್, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್. ವಿಂಡೋಸ್ ಕಂಪ್ಯೂಟರ್ ಬ್ಯಾಕಪ್ ಬರೆಯಬೇಕಾದರೆ ಆ ಫೋಲ್ಡರ್ ಅದಕ್ಕೆ ತೆರೆದಿರಲೇಬೇಕು. ವೈರಸ್ ಬಂದರೆ ಅದೇ ಬಾಗಿಲಿಂದ ಬ್ಯಾಕಪ್‌ಗೂ ಬೀಗ ಹಾಕುತ್ತದೆ. ಬದಲಿಸಿದ ಡಿಸ್ಕ್ ಹೋಗಿ ಕೂರುವುದು ನೆಟ್‌ವರ್ಕ್‌ಗೆ ಕಾಣದ ಜಾಗದಲ್ಲಿ. ಬಂದ ಫೈಲು ಜಗಲಿಯಲ್ಲಿ, ಇಟ್ಟುಕೊಳ್ಳುವುದು ಒಳಕೋಣೆಯಲ್ಲಿ.

ಜನವರಿ: ಗಡಿಯಾರ ನಂಬಿ ಮಾಡಿದ್ದು

ಮೊದಲು ಎಲ್ಲವನ್ನೂ ಗಂಟೆಗೆ ಕಟ್ಟಿದೆ. ರಾತ್ರಿ 8ಕ್ಕೆ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಬ್ಯಾಕಪ್ ತೆಗೆಯಬೇಕು. ಬೆಳಗಿನ ಜಾವ 2ಕ್ಕೆ ಡೆಬಿಯನ್‌ನ ಟೈಮರ್ ಅದನ್ನು ಡಿಸ್ಕಾಗಿ ಬದಲಿಸಬೇಕು. ನಡುವೆ ಆರು ಗಂಟೆ ಬಿಡುವು ಇದೆ, ಸಾಕು ಅಂದುಕೊಂಡೆ.

ಮೊದಲ ರಾತ್ರಿ ಫೈಲೇ ಬರಲಿಲ್ಲ. ಕೈಯಿಂದ ಓಡಿಸಿದಾಗ ಬರುತ್ತಿತ್ತು, ಶೆಡ್ಯೂಲರ್ ಓಡಿಸಿದಾಗ ಇಲ್ಲ. ನಾನು ಗುರಿಯನ್ನು ಜ಼ಡ್ ಡ್ರೈವ್ ಅಂತ ಕೊಟ್ಟಿದ್ದೆ. ಲಾಗಿನ್ ಆದವರು ಜೋಡಿಸಿಕೊಂಡ ಡ್ರೈವ್ ಅಕ್ಷರ ಆ ಲಾಗಿನ್‌ಗೆ ಮಾತ್ರ ಸೇರಿದ್ದು, ಸಿಸ್ಟಂ ಖಾತೆಯಲ್ಲಿ ಓಡುವ ಟಾಸ್ಕಿಗೆ ಅದು ಕಾಣುವುದೇ ಇಲ್ಲ. ಸರ್ವರ್ ಹೆಸರಿನಿಂದ ಶುರುವಾಗುವ ಪೂರ್ತಿ ದಾರಿ ಕೊಟ್ಟು, ಅಲ್ಲಿ ಬರೆಯುವ ಅನುಮತಿಯನ್ನೂ ಕೊಟ್ಟ ಮೇಲೆ ಸರಿಹೋಯಿತು.

ಮೂರನೇ ದಿನ ಸೀಸನ್ನಿನ ನಿಜ ಎದುರಾಯಿತು. ಜನವರಿಯಲ್ಲಿ ಗೇಟು 8ಕ್ಕೆ ಮುಚ್ಚುವುದಿಲ್ಲ. ಒಂಬತ್ತೂವರೆಗೂ ಪಿಕಪ್ ಬರುತ್ತದೆ. 8ಕ್ಕೆ ಬ್ಯಾಕಪ್ ಶುರುವಾಗಿ ಕಂಪ್ಯೂಟರ್ ನಿಧಾನ ಆಯಿತು. ಹುಡುಗ ಕೆಲಸ ಮುಗಿದ ಕೂಡಲೇ ಶಟ್‌ಡೌನ್ ಮಾಡಿ ಮನೆಗೆ ಹೋದ, ಅವನ ತಪ್ಪೇನೂ ಇಲ್ಲ. ಅರ್ಧ ಬರೆದ ಫೈಲು ಉಳಿಯಿತು. ಡೆಬಿಯನ್ ಆ ಅರ್ಧ ಫೈಲನ್ನು ಬದಲಿಸಲು ಹೋಗಿ ಎರರ್ ಕೊಟ್ಟು ನಿಂತಿತು. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಜಾಗ ಉಳಿಸಲು ನನ್ನ ಸ್ಕ್ರಿಪ್ಟ್ ಹಳೇ ಡಿಸ್ಕನ್ನು ಮೊದಲೇ ಅಳಿಸಿ ಹೊಸದನ್ನು ಶುರು ಮಾಡುತ್ತಿತ್ತು. ಬೆಳಗ್ಗೆ ನೋಡಿದರೆ ಹೊಸದೂ ಇಲ್ಲ, ಹಳೇದೂ ಇಲ್ಲ. ಅವತ್ತು ಡಿಸ್ಕ್ ಮತ್ತೆ ಕೈಕೊಟ್ಟಿದ್ದರೆ ಸಾಹುಕಾರರಿಗೆ ಏನು ಹೇಳುತ್ತಿದ್ದೆ ಅಂತ ಈಗಲೂ ಯೋಚಿಸುತ್ತೇನೆ.

ಅದಕ್ಕಿಂತ ಕಷ್ಟ ಕೊಟ್ಟಿದ್ದು ಮುಂದಿನ ವಾರ. ಬದಲಿಸಿದ ಡಿಸ್ಕ್ ಬೂಟ್ ಆಗುತ್ತದಾ ಅಂತ ನೋಡಲು ರಾತ್ರಿಯೇ ವರ್ಚುವಲ್ ಮೆಷಿನ್ ಎಬ್ಬಿಸುವ ಸಾಲನ್ನೂ ಸೇರಿಸಿದ್ದೆ. ಬೆಳಗ್ಗೆ ಬಂದು ಕಣ್ಣಾರೆ ನೋಡೋಣ ಅಂತ ಅದನ್ನು ಆನ್ ಆಗಿಯೇ ಬಿಟ್ಟಿದ್ದೆ, ನೆಟ್‌ವರ್ಕ್ ಸಮೇತ. ಆ ಬೆಳಗ್ಗೆ ಬೇರೊಂದು ಕೆಲಸಕ್ಕೆ ಕಡೂರಿಗೆ ಹೋದೆ. ಒಂಬತ್ತೂವರೆಗೆ ರೈಟರ್ ಫೋನ್: "ಬೆಳಗ್ಗೆ ಬಂದ ಐದು ಲೋಡು ಆಫೀಸಲ್ಲಿ ಕಾಣ್ತಾನೇ ಇಲ್ಲ ಕಣ್ರೀ. ಕ್ಯಾಬಿನ್ನಲ್ಲಿ ಇದೆಯಂತೆ." ಕ್ಯಾಬಿನ್ ಕಂಪ್ಯೂಟರ್‌ನಲ್ಲಿ ಅದೇ ಹೆಸರು ನೆಟ್‌ವರ್ಕ್‌ನಲ್ಲಿ ಆಗಲೇ ಇದೆ ಅನ್ನುವ ಸಂದೇಶವೂ ಬಂದಿತ್ತು.

ಆಗಿದ್ದು ಹೀಗೆ. ವರ್ಚುವಲ್ ಮೆಷಿನ್‌ಗೆ ಅದರ ನೆಟ್‌ವರ್ಕ್ ಕಾರ್ಡ್ ಹೊಸದು, ಹಾಗಾಗಿ ರೂಟರ್‌ನಿಂದ ಬೇರೆ ಐಪಿ ವಿಳಾಸ ಪಡೆಯಿತು. ಆದರೆ ಕಂಪ್ಯೂಟರ್ ಹೆಸರು ಡಿಸ್ಕಿನ ಒಳಗೇ ಇರುತ್ತದೆ, ಅದು ಬದಲಾಗಲಿಲ್ಲ. ಮೊದಲು ಎದ್ದವನಿಗೆ ಹೆಸರು. ಕ್ಯಾಬಿನ್‌ನ ನಿಜವಾದ ಕಂಪ್ಯೂಟರ್ ಎಂಟೂಕಾಲಿಗೆ ಆನ್ ಆಗುವ ಹೊತ್ತಿಗೆ ಹೆಸರು ಹೋಗಿಯಾಗಿತ್ತು. ವಿಂಡೋಸ್ 7ನಲ್ಲಿ ಫೈರ್‌ವಾಲ್ ಯಾವತ್ತೋ ಆಫ್ ಮಾಡಿದ್ದರು. ಹಾಗಾಗಿ ಆಫೀಸಿನ ಕಂಪ್ಯೂಟರ್ ಸಲೀಸಾಗಿ ನಕಲಿನ ಫೋಲ್ಡರ್ ತೆರೆದು ಹಿಂದಿನ ರಾತ್ರಿಯ ಲೆಕ್ಕ ಓದುತ್ತಾ ಕೂತಿತ್ತು.

ಡಿಸ್ಕ್ ಬದಲಿಸುವ ಕೆಲಸ ಬೆಳಗಿನ ಜಾವ 2ಕ್ಕೇ ನಡೆದಿತ್ತಾ ಅಂತ ಲಾಗ್ ನೋಡಿದೆ. ನಡೆದಿದ್ದು 7:30ಕ್ಕೆ. ಡೆಬಿಯನ್ ಹಾಕುವಾಗ ಟೈಮ್ ಜ಼ೋನ್ ಯುಟಿಸಿ (ಜಾಗತಿಕ ಸಮಯ) ಅಂತಲೇ ಉಳಿದಿತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ, ಅಲ್ಲಿಯ 2 ಅಂದರೆ ಇಲ್ಲಿ 7:30. ದಿನಾ ಬೆಳಗ್ಗೆ ಏಳೂವರೆಗೆ ಓಡುತ್ತಿತ್ತು, ನಾನು ಗಮನಿಸಿರಲಿಲ್ಲ. ಐದು ಲೋಡಿನ ಲೆಕ್ಕ ಎಲ್ಲೂ ಹೋಗಿರಲಿಲ್ಲ, ಕ್ಯಾಬಿನ್‌ನಲ್ಲಿ ಭದ್ರವಾಗಿತ್ತು. ಆದರೆ ದುಡ್ಡಿಗೆ ಕಾದು ನಿಂತ ಐದು ಜನರಿಗೆ ಒಂದೂವರೆ ಗಂಟೆ ಹೋಯಿತು. ಅವರಲ್ಲಿ ಒಬ್ಬರು ವಯಸ್ಸಾದವರು, ಮಗಳ ಮನೆಗೆ ಹೋಗಲು ಬಸ್ಸಿಗೆ ಹೊರಟಿದ್ದವರು. ನಾನು ಹೋಗಿ ಕ್ಷಮೆ ಕೇಳಿದೆ.

ಗಂಟೆ ಬಿಟ್ಟು ಸರಪಳಿ

ಅವತ್ತು ಸಂಜೆ ಕ್ಯಾಬಿನ್‌ನಲ್ಲಿ ಹುಡುಗನ ಜೊತೆ ಕೂತು ಅವನ ದಿನ ಹೇಗೆ ಮುಗಿಯುತ್ತದೆ ಅಂತ ನೋಡಿದೆ. ಕೊನೇ ಗಾಡಿ ಹೋಗುತ್ತದೆ, ಚೀಟಿ ಕಟ್ಟು ಕಟ್ಟುತ್ತಾನೆ, ಶಟ್‌ಡೌನ್ ಒತ್ತುತ್ತಾನೆ, ಬೀಗ ಹಾಕುತ್ತಾನೆ. ಇದು ಏಳಕ್ಕೂ ಆಗಬಹುದು, ಹತ್ತಕ್ಕೂ ಆಗಬಹುದು. ದಿನ ಮುಗಿದಿದ್ದು ಯಾವಾಗ ಅಂತ ಗಡಿಯಾರಕ್ಕೆ ಗೊತ್ತಿಲ್ಲ, ಅವನಿಗೆ ಗೊತ್ತು. ಹಾಗಾದರೆ ಬ್ಯಾಕಪ್ ಶುರುವಾಗಬೇಕಾದದ್ದು ಅವನ ಕೈಯಿಂದ.

ಡೆಸ್ಕ್‌ಟಾಪ್‌ನಲ್ಲಿ "ದಿನ ಮುಗಿಯಿತು" ಅನ್ನುವ ಐಕಾನ್ ಇಟ್ಟೆ. ಅದನ್ನು ಒತ್ತಿದರೆ ಒಂದು ಬ್ಯಾಚ್ ಫೈಲ್ ಓಡುತ್ತದೆ. ಡಿಸ್ಕ್2ವಿಎಚ್‌ಡಿ ತಾತ್ಕಾಲಿಕ ಹೆಸರಿನಲ್ಲಿ ಫೈಲ್ ಬರೆಯುತ್ತದೆ. ಬರೆದು ಮುಗಿದ ಮೇಲಷ್ಟೇ ಅದಕ್ಕೆ ನಿಜವಾದ ಹೆಸರು ಬರುತ್ತದೆ, ಪಕ್ಕದಲ್ಲಿ "ಆಯಿತು" ಅನ್ನುವ ಒಂದು ಖಾಲಿ ಫೈಲ್ ಹುಟ್ಟುತ್ತದೆ. ಆಮೇಲೆ ಕಂಪ್ಯೂಟರ್ ತಾನೇ ಶಟ್‌ಡೌನ್ ಆಗುತ್ತದೆ. ಹುಡುಗ ಐಕಾನ್ ಒತ್ತಿ ಬೀಗ ಹಾಕಿ ಹೊರಡಬಹುದು, ಕಾಯಬೇಕಿಲ್ಲ.

ಈ ಕಡೆ ಡೆಬಿಯನ್‌ನ ಕೆಲಸಗಳನ್ನು ನಡೆಸುವ ಸಿಸ್ಟಮ್‌ಡಿಯ ಪಾತ್ ಯುನಿಟ್ ಆ ಖಾಲಿ ಫೈಲಿಗಾಗಿ ಕಣ್ಣಿಟ್ಟಿರುತ್ತದೆ. ಅದು ಕಂಡ ಕೂಡಲೇ ಬದಲಿಸುವ ಕೆಲಸ ಶುರು. ಆಫೀಸಿನ ಕಂಪ್ಯೂಟರ್‌ದೂ ಅದೇ ಹೊತ್ತಿಗೆ ಬಂದರೆ ಎರಡನೆಯದು ಲಾಕ್ ಬಿಡುವವರೆಗೆ ಕಾಯುತ್ತದೆ. ಹೊಸ ಕ್ಯೂಕೌ2 ಪೂರ್ತಿಯಾಗಿ, ಇಮೇಜ್ ಟೂಲ್‌ನ ತಪಾಸಣೆಯಲ್ಲೂ ಪಾಸಾದ ಮೇಲೆ ಮಾತ್ರ ಹಳೆಯದರ ಸರದಿ. "ಆಯಿತು" ಫೈಲು ಅಳಿಯುವುದು ಎಲ್ಲ ಮುಗಿದ ಮೇಲೆ.

ಈ ಕೊನೆಯ ಸಾಲು ನಮ್ಮ ಮಳೆಗಾಲಕ್ಕೆ ತುಂಬಾ ಮುಖ್ಯ. ಜೂನ್, ಜುಲೈನಲ್ಲಿ ಮರ ಬಿದ್ದು ತಂತಿ ಕಡಿದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ. ನಡುವೆ ಪೆಟ್ಟಿಗೆ ಆಫ್ ಆದರೂ "ಆಯಿತು" ಫೈಲು ಅಲ್ಲೇ ಇರುತ್ತದೆ. ಬಯೋಸ್‌ನಲ್ಲಿ ಕರೆಂಟ್ ಬಂದ ಕೂಡಲೇ ಆನ್ ಆಗು ಅಂತ ಇಟ್ಟಿದ್ದೇನೆ. ಎದ್ದ ಮೇಲೆ ಪಾತ್ ಯುನಿಟ್ ಆ ಫೈಲನ್ನು ನೋಡಿ ಕೆಲಸ ಮತ್ತೆ ಶುರು ಮಾಡುತ್ತದೆ. ಅರ್ಧ ಆದದ್ದು ಮುಂದುವರಿಯುವುದಿಲ್ಲ, ಮೊದಲಿಂದಲೇ ಆಗಬೇಕು. ಆದರೆ ಯಾರೂ ನೆನಪಿಡಬೇಕಿಲ್ಲ. ಒಂದು ತೊಡಕು ಮಾತ್ರ ಇತ್ತು. ಕೆಲಸ ಎರರ್‌ನಿಂದ ನಿಂತಾಗ ಫೈಲು ಅಲ್ಲೇ ಇದ್ದರೆ ಪಾತ್ ಯುನಿಟ್ ಮತ್ತೆ ಮತ್ತೆ ಎಬ್ಬಿಸುತ್ತದೆ, ಕೊನೆಗೆ ಸಿಸ್ಟಮ್‌ಡಿಯೇ ಸಾಕು ಅಂತ ನಿಲ್ಲಿಸುತ್ತದೆ. ಅದಕ್ಕೆ ಎರರ್ ಬಂದರೆ ಫೈಲಿನ ಹೆಸರನ್ನು "ಆಗಲಿಲ್ಲ" ಅಂತ ಬದಲಿಸಿ ನನ್ನ ಫೋನಿಗೆ ಮೆಸೇಜ್ ಹಾಕುತ್ತೇನೆ.

ಗಡಿಯಾರವನ್ನು ಪೂರ್ತಿ ಬಿಟ್ಟಿಲ್ಲ. ಬೆಳಗ್ಗೆ 6ಕ್ಕೆ ಒಂದು ಟೈಮರ್ ಇದೆ, ಈಗ ನಮ್ಮ ಸಮಯದಲ್ಲೇ. ನಿನ್ನೆಯ ಡಿಸ್ಕ್ ಇದೆಯಾ ಅಂತ ಅಷ್ಟೇ ನೋಡುತ್ತದೆ, ಇಲ್ಲದಿದ್ದರೆ ಹೇಳುತ್ತದೆ. ಅದಕ್ಕೆ ಪರ್ಸಿಸ್ಟೆಂಟ್ ಅನ್ನುವ ಸೆಟ್ಟಿಂಗ್ ಹಾಕಿದ್ದೇನೆ, ಆರು ಗಂಟೆಗೆ ಪೆಟ್ಟಿಗೆ ಆಫ್ ಇದ್ದರೂ ಆನ್ ಆದ ಮೇಲೆ ಆ ಸರದಿ ತಪ್ಪುವುದಿಲ್ಲ. ಗಂಟೆ ನೋಡಿ ಕೆಲಸ ಓಡಿಸುವ ಸಾದಾ ಕ್ರಾನ್ ಆಗಿದ್ದರೆ ತಪ್ಪಿದ್ದು ತಪ್ಪಿಯೇ ಹೋಗುತ್ತಿತ್ತು.

ತಂತಿ

ಇದೆಲ್ಲ ಆದ ಮೇಲೂ 42 ಜಿಬಿ ದಾಟಲು ಒಂದು ಗಂಟೆಗಿಂತ ಜಾಸ್ತಿ ಹಿಡಿಯುತ್ತಿತ್ತು. ಕ್ಯಾಬಿನ್‌ನ ಯುಪಿಎಸ್ ತಡೆಯುವುದು ಹದಿನೈದು ನಿಮಿಷ. ನಡುವೆ ಕರೆಂಟ್ ಹೋದರೆ ಆ ದಿನದ್ದು ಹೋಯಿತು. ವೇಗ ಸೆಕೆಂಡಿಗೆ 11 ಎಂಬಿಯಲ್ಲೇ ನಿಂತಿತ್ತು. ಆ ಸಂಖ್ಯೆ ನೋಡಿದರೇ ಗೊತ್ತಾಗುತ್ತದೆ, 100 ಮೆಗಾಬಿಟ್ ಸಂಪರ್ಕ.

ಆಫೀಸಿನ ಸ್ವಿಚ್ ಹಳೇದು, ಬದಲಿಸಿದೆ. ಆದರೂ ವೇಗ ಏರಲಿಲ್ಲ. ಕ್ಯಾಬಿನ್‌ನಿಂದ ಆಫೀಸಿಗೆ ಸುಮಾರು 60 ಮೀಟರ್ ಕೇಬಲ್, ಮಿತಿ 100 ಮೀಟರ್, ಉದ್ದದ ತೊಂದರೆ ಅಲ್ಲ. ತುದಿಯ ಪ್ಲಗ್ ಕತ್ತರಿಸಿ ನೋಡಿದರೆ ಎಂಟು ತಂತಿಯಲ್ಲಿ ನಾಲ್ಕನ್ನೇ ಕ್ರಿಂಪ್ ಮಾಡಿದ್ದರು. 100 ಮೆಗಾಬಿಟ್‌ಗೆ ಎರಡು ಜೊತೆ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೊತೆ ಬೇಕು. ಎರಡೂ ತುದಿಯಲ್ಲಿ ಎಂಟನ್ನೂ ಸರಿಯಾದ ಬಣ್ಣದ ಕ್ರಮದಲ್ಲಿ ಹಾಕಿ ಕ್ರಿಂಪ್ ಮಾಡಿದೆ. ಬ್ಯಾಕಪ್ ಹತ್ತು ನಿಮಿಷದ ಒಳಗೆ ಬಂತು. ಸ್ವಿಚ್ಚನ್ನೂ ಯುಪಿಎಸ್‌ಗೆ ಜೋಡಿಸಿದೆ. ಎರಡು ಕಂಪ್ಯೂಟರ್ ಬ್ಯಾಟರಿಯಲ್ಲಿ ಓಡುತ್ತಿದ್ದು ನಡುವಿನ ಸ್ವಿಚ್ ಆಫ್ ಆದರೆ ಏನು ಲಾಭ, ಅಲ್ವಾ?

ಬದಲಿಸುವ ವೇಗಕ್ಕೂ ಒಂದು ಮಾತು. ಮೊದಲು ಬಂದ ಫೈಲು, ಹೊಸ ಡಿಸ್ಕ್ ಎರಡೂ ಒಂದೇ ಹಾರ್ಡ್ ಡಿಸ್ಕಿನಲ್ಲಿದ್ದವು. ಓದುವ ಜಾಗಕ್ಕೂ ಬರೆಯುವ ಜಾಗಕ್ಕೂ ಅದರ ಹೆಡ್ ಓಡಾಡಿ ಸುಸ್ತಾಗುತ್ತಿತ್ತು. ಈಗ ಬರುವುದು ಎಸ್‌ಎಸ್‌ಡಿಗೆ, ಉಳಿಯುವುದು ಹಾರ್ಡ್ ಡಿಸ್ಕಿನಲ್ಲಿ. ಸಮಯ ಅರ್ಧಕ್ಕಿಂತ ಕಮ್ಮಿ ಆಯಿತು. ದಿನದ ಐದು ಪ್ರತಿ, ಭಾನುವಾರದ ನಾಲ್ಕು ಪ್ರತಿ ಇಟ್ಟುಕೊಳ್ಳುತ್ತೇನೆ. ಭಾನುವಾರದವನ್ನು ಕಂಪ್ರೆಸ್ ಮಾಡಿ ಇಡುತ್ತೇನೆ. ಶನಿವಾರ ಒಂದು ಪ್ರತಿ ಎಕ್ಸ್‌ಟರ್ನಲ್ ಡ್ರೈವ್‌ನಲ್ಲಿ ಸಾಹುಕಾರರ ತೋಟದ ಮನೆಗೆ ಹೋಗುತ್ತದೆ.

ರಾತ್ರಿಯ ಫೋಟೋ

ಬೂಟ್ ಪರೀಕ್ಷೆ ಈಗ ಹೀಗೆ ನಡೆಯುತ್ತದೆ. ಬದಲಿಸಿದ ಡಿಸ್ಕನ್ನು ನೇರವಾಗಿ ಎಬ್ಬಿಸುವುದಿಲ್ಲ. ಎದ್ದ ಕೂಡಲೇ ವಿಂಡೋಸ್ ಅದರಲ್ಲಿ ಏನೇನೋ ಬರೆಯುತ್ತದೆ, ಪ್ರತಿ ಪ್ರತಿಯಾಗಿ ಉಳಿಯುವುದಿಲ್ಲ. ಅದರ ಮೇಲೆ ಒಂದು ತೆಳುವಾದ ಓವರ್‌ಲೇ ಡಿಸ್ಕ್ ಹಾಸುತ್ತೇನೆ. ಹೊಸದಾಗಿ ಬರೆದದ್ದೆಲ್ಲ ಓವರ್‌ಲೇಗೆ ಹೋಗುತ್ತದೆ, ಪರೀಕ್ಷೆ ಮುಗಿದ ಮೇಲೆ ಅದನ್ನು ಎಸೆಯುತ್ತೇನೆ. ನೆಟ್‌ವರ್ಕ್ ಕಾರ್ಡೇ ಇಲ್ಲ. ಆರು ನಿಮಿಷ ಬಿಟ್ಟು ಪರದೆಯ ಸ್ಕ್ರೀನ್‌ಶಾಟ್ ತೆಗೆದು ಟೆಲಿಗ್ರಾಮ್‌ನಲ್ಲಿ ನನಗೂ ರೈಟರ್‌ಗೂ ಕಳಿಸಿ, ಮೆಷಿನ್ ಆಫ್ ಆಗುತ್ತದೆ.

ಮೊದಲ ಫೋಟೋದಲ್ಲಿ ಬಂದಿದ್ದು ನೀಲಿ ಪರದೆ, ಕೊನೆಯಲ್ಲಿ 7ಬಿ. ಬೂಟ್ ಡಿಸ್ಕ್ ಸಿಗುತ್ತಿಲ್ಲ ಅನ್ನುವ ಎರರ್. ಹಳೇ ಕಂಪ್ಯೂಟರ್‌ನಲ್ಲಿ ಡಿಸ್ಕ್ ಐಡಿಇ ಅನ್ನುವ ಹಳೇ ಮೋಡ್‌ನಲ್ಲಿತ್ತು, ಸಾಟಾ ಅನ್ನುವ ಹೊಸ ವಿಧಾನಕ್ಕೆ ಬೇಕಾದ ಎಎಚ್‌ಸಿಐ ಡ್ರೈವರ್ ಬೂಟ್ ಹೊತ್ತಿಗೆ ಎದ್ದಿರುವುದಿಲ್ಲ. ಈ ಹೊಸ ಪರೀಕ್ಷೆಗೆ ಮಾಡಿದ ವರ್ಚುವಲ್ ಮೆಷಿನ್‌ನಲ್ಲಿ ನಾನು ಸಾಟಾ ಅಂತ ಕೊಟ್ಟಿದ್ದೆ. ಐಡಿಇ ಅಂತ ಬದಲಿಸಿದ ಮೇಲೆ ಎದ್ದಿತು. ಆಫೀಸಿನ ವಿಂಡೋಸ್ 10ರದು ಬೇರೆ ಕತೆ, ಅದು ಯುಇಎಫ್‌ಐನಲ್ಲಿ, ಅಂದರೆ ಬಯೋಸ್‌ನ ಹೊಸ ರೂಪದಲ್ಲಿ, ಹಾಕಿದ್ದು. ಮೆಷಿನ್‌ಗೆ ಹಳೇ ಬಯೋಸ್ ಬದಲು ವರ್ಚುವಲ್ ಮೆಷಿನ್‌ಗಳ ಯುಇಎಫ್‌ಐ ಆದ ಓವಿಎಂಎಫ್ ಕೊಟ್ಟರೆ ಸಾಕಾಯಿತು.

ಈಗ ರಾತ್ರಿ ಊಟದ ಹೊತ್ತಿಗೋ ಆಮೇಲೋ ತೂಕದ ಪ್ರೋಗ್ರಾಂ ತೆರೆದಿರುವ ಫೋಟೋ ಬರುತ್ತದೆ. ಕೊನೆಯ ಚೀಟಿ ನಂಬರ್ ಅದರಲ್ಲೇ ಕಾಣುತ್ತದೆ. ರೈಟರ್ ಅದನ್ನು ತಮ್ಮ ಪುಸ್ತಕದ ನಂಬರ್ ಜೊತೆ ಹೋಲಿಸುತ್ತಾರೆ. ನಾನು ಹೇಳಿಕೊಟ್ಟಿದ್ದಲ್ಲ, ಅವರೇ ಶುರು ಮಾಡಿದ್ದು. ನನ್ನ ಇಡೀ ಏರ್ಪಾಟಿನಲ್ಲಿ ಇದಕ್ಕಿಂತ ಒಳ್ಳೆಯ ತಪಾಸಣೆ ಇಲ್ಲ.

ಜೂನ್: ಒಂದು ಗಂಟೆಯ ಮಾತು

ಸೀಸನ್ ಮುಗಿದು ಗೇಟಿನಲ್ಲಿ ಗದ್ದಲ ಇಲ್ಲದ ಒಂದು ಭಾನುವಾರ ನಿಜವಾದ ಪರೀಕ್ಷೆ ಇಟ್ಟುಕೊಂಡೆವು. ಕ್ಯಾಬಿನ್ ಕಂಪ್ಯೂಟರ್‌ನ ಪ್ಲಗ್ ಕಿತ್ತು ಪಕ್ಕಕ್ಕಿಟ್ಟೆ. ರೈಟರ್ ಮೊಬೈಲ್‌ನಲ್ಲಿ ಸಮಯ ಎಣಿಸತೊಡಗಿದರು. ತೂಕದ ಇಂಡಿಕೇಟರ್‌ನಿಂದ ಬರುವುದು ಸೀರಿಯಲ್ ಕೇಬಲ್, ಅದು 60 ಮೀಟರ್ ದೂರದ ಆಫೀಸಿಗೆ ಮುಟ್ಟುವುದಿಲ್ಲ. ಆಫೀಸಿನಲ್ಲಿದ್ದ ಪೆಟ್ಟಿಗೆಯನ್ನೇ ಮಳೆಯಲ್ಲಿ ಗೋಣಿಚೀಲ ಹೊದಿಸಿ ಕ್ಯಾಬಿನ್‌ಗೆ ಹೊತ್ತು ತಂದೆವು. ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಪೆಟ್ಟಿಗೆಗೆ ಚುಚ್ಚಿ, ಅದನ್ನು ವರ್ಚುವಲ್ ಮೆಷಿನ್‌ನ ಸೀರಿಯಲ್ ಪೋರ್ಟ್‌ಗೆ ಕಟ್ಟಿದೆ. ಒಳಗಿನ ವಿಂಡೋಸ್‌ಗೆ ಅದು ಸಾದಾ ಕಾಮ್1 ಆಗಿ ಕಾಣುತ್ತದೆ, ಡ್ರೈವರ್ ಹಾಕಬೇಕಿಲ್ಲ. ಪ್ರಿಂಟರ್ ಯುಎಸ್‌ಬಿಯದು, ಅದನ್ನೂ ಒಳಗೆ ಕೊಟ್ಟೆ. ವಿಂಡೋಸ್ ಹಾರ್ಡ್‌ವೇರ್ ಬದಲಾಗಿದೆ, ಮತ್ತೆ ಆಕ್ಟಿವೇಟ್ ಮಾಡಿ ಅಂತ ಕೇಳಿತು. ಆ ಲೈಸೆನ್ಸ್ ಹಳೇ ಕಂಪ್ಯೂಟರ್‌ಗೆ ಸೇರಿದ್ದು. ಇದು ರಿಪೇರಿ ಆಗುವವರೆಗಿನ ಏರ್ಪಾಟು ಮಾತ್ರ ಅಂತ ಸಾಹುಕಾರರಿಗೆ ಮೊದಲೇ ಹೇಳಿದ್ದೇನೆ.

ಹುಡುಗ ಖಾಲಿ ಪಿಕಪ್ ತಂದು ವೇಬ್ರಿಡ್ಜ್ ಮೇಲೆ ನಿಲ್ಲಿಸಿದ. ಡಿಸ್‌ಪ್ಲೇನಲ್ಲಿ 1,740. ಪರದೆಯಲ್ಲೂ 1,740. ಚೀಟಿ ಪ್ರಿಂಟ್ ಆಯಿತು. ರೈಟರ್ ಮೊಬೈಲ್ ನೋಡಿ 38 ನಿಮಿಷ ಅಂದರು.

ಅದರಲ್ಲಿ ಹನ್ನೆರಡು ನಿಮಿಷ ಸೀರಿಯಲ್ ಅಡಾಪ್ಟರ್ ಎಲ್ಲಿಟ್ಟಿದ್ದೇನೆ ಅಂತ ಹುಡುಕಲು ಹೋಯಿತು. ಈಗ ಅಡಾಪ್ಟರ್, ಒಂದು ಕೇಬಲ್, ಏನನ್ನು ಎಲ್ಲಿ ಚುಚ್ಚಬೇಕು ಅಂತ ಬರೆದ ಒಂದು ಹಾಳೆ, ಮೂರನ್ನೂ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಪೆಟ್ಟಿಗೆಯ ಮೇಲೇ ಟೇಪ್ ಹಾಕಿ ಅಂಟಿಸಿದ್ದೇನೆ. ಕೊಯ್ಲಿಗೆ ಮುಂಚೆ, ನವೆಂಬರ್‌ನಲ್ಲಿ, ಇನ್ನೊಂದು ಸಲ ಪ್ಲಗ್ ಕೀಳುತ್ತೇವೆ. ಆಗ ನಾನು ಕೈ ಹಾಕುವುದಿಲ್ಲ, ಹಾಳೆ ನೋಡಿಕೊಂಡು ಹುಡುಗನೇ ಮಾಡುತ್ತಾನೆ.